ಇಬ್ಬರು ಖಾತೂನರು

ಖಾನ್ ಎಂಬ ಶಬ್ದ ನಮಗೆಲ್ಲ ಪರಿಚಿತ. ಅದರ ಜೊತೆಯ ‘ಖಾತೂನ್’ ಎಂಬುದಕ್ಕೆ ರಾಣಿಯೆಂದು ಅರ್ಥ ಹೇಳಿ ಮುಂದೆ ಸಾಗುತ್ತೇವೆ. ಮಂಗೋಲರಲ್ಲಿ ಆ ಪದದ ತೂಕವೇ ಬೇರೆ. ಗಂಡಸರು ವರ್ಷಗಟ್ಟಲೆ ದಂಡಯಾತ್ರೆಯಲ್ಲಿರುತ್ತಿದ್ದ ಆ ಅಲೆಮಾರಿ ಜನರಲ್ಲಿ ಬಿಡಾರ, ಕುದುರೆ, ಆಳುಕಾಳು ಎಲ್ಲದರ ಹೊಣೆ ಹೆಂಗಸರದು. ರಾಜಪತ್ನಿಗಂತೂ ತನ್ನದೇ ಬೀಡು, ತನ್ನದೇ ಪರಿವಾರ, ತನ್ನದೇ ಆದಾಯ. ಗಂಡ ಸತ್ತರೆ ರಾಜ್ಯಭಾರ ಅವಳ ಕೈಗೆ ಬರುವುದು ಅವರಿಗೆ ಸೋಜಿಗವಾಗಿರಲಿಲ್ಲ.

ಚೆಂಗೀಸ್‌ಖಾನನ ಮಗ ಒಗೊದೈ 1241ರ ಡಿಸೆಂಬರಿನಲ್ಲಿ ತೀರಿಕೊಂಡ. ಅಲ್ಲಿಂದ 1246ರವರೆಗೆ ಸಾಮ್ರಾಜ್ಯವನ್ನು ಆಳಿದವಳು ಅವನ ಪತ್ನಿ ತೊರೆಗೆನೆ. ಮೊದಲು ಮೆರ್ಕಿತ್ ಎಂಬ ಶತ್ರುಕುಲದವನ ಮಡದಿಯಾಗಿದ್ದು, ಯುದ್ಧದಲ್ಲಿ ಸೆರೆಯಾಗಿ ಬಂದವಳು ಈಕೆ! ಗಂಡ ಬದುಕಿದ್ದಾಗಲೇ, 1240ರಲ್ಲಿ, ತಾವೋ ಪಂಥದ ಗ್ರಂಥಗಳ ಮುದ್ರಣದ ವಿಷಯವಾಗಿ ಆಕೆಯ ಹೆಸರಿನಲ್ಲಿ ಹೊರಟ ಆಜ್ಞೆ ಚೀನದಲ್ಲಿ ಕಲ್ಲಿನ ಮೇಲೆ ಉಳಿದಿದೆ. ಒಗೊದೈ ಮೊಮ್ಮಗನಿಗೆ ಪಟ್ಟವೆಂದು ಹೇಳಿಹೋಗಿದ್ದ. ಈಕೆ ಹಳೆಯ ಮಂತ್ರಿಗಳನ್ನು ತೆಗೆದು, ಖಾನನನ್ನು ಆರಿಸುವ ‘ಕುರುಲ್ತಾಯಿ’ ಸಭೆಯನ್ನು ವರ್ಷ ವರ್ಷ ಮುಂದೂಡಿ, ಕಡೆಗೆ ಮಗ ಗುಯುಕನನ್ನೇ ಆರಿಸಿಕೊಂಡಳು. ಪೋಪನ ದೂತನಾಗಿ ಬಂದಿದ್ದ ಕಾರ್ಪಿನಿ ಎಂಬ ಪಾದ್ರಿ, ಅಲ್ಲಿಯ ಬಿಳಿಯ ಗುಡಾರದಲ್ಲಿ ಎರಡು ಸಾವಿರ ಜನ ಹಿಡಿಸುವರೆಂದು ಬೆರಗಿನಿಂದ ಬರೆದಿದ್ದಾನೆ.

ಇನ್ನೊಬ್ಬಳು ಸೊರ್ಗಗ್ತಾನಿ, ಚೆಂಗೀಸನ ಕಿರಿಯ ಸೊಸೆ, 1232ರಲ್ಲಿ ವಿಧವೆಯಾದವಳು. ಗುಯುಕನನ್ನು ಮದುವೆಯಾಗೆಂದು ಒಗೊದೈ ಹೇಳಿಕಳಿಸಿದಾಗ, ಮಕ್ಕಳನ್ನು ಬೆಳೆಸಬೇಕಾಗಿದೆಯೆಂದು ನಯವಾಗಿ ಜಾರಿಕೊಂಡಳು. ಒಪ್ಪಿದ್ದರೆ ಅವಳ ಪಾಲಿನ ಸೈನ್ಯವೂ ಸೀಮೆಯೂ ಯಾರ ಕೈ ಸೇರುತ್ತಿದ್ದವೆಂಬುದನ್ನು ಬೇರೆ ಹೇಳಬೇಕಿಲ್ಲ. ತಾನು ಕ್ರೈಸ್ತಳಾಗಿದ್ದೂ ಬುಖಾರದಲ್ಲಿ ಮದರಸ ಕಟ್ಟಲು ಹಣ ಕೊಟ್ಟಳು. 1248ರಲ್ಲಿ ಗುಯುಕ ದಾಯಾದಿ ಬಾತುವಿನತ್ತ ದಂಡು ಹೊರಡಿಸಿದಾಗ ಬಾತುವಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದಳು. ಗುಯುಕ ದಾರಿಯಲ್ಲೇ ಸತ್ತ. ಬಾತುವಿನ ಬೆಂಬಲದಿಂದ 1251ರಲ್ಲಿ ಸೊರ್ಗಗ್ತಾನಿಯ ಮಗ ಮೊಂಗ್ಕೆ ಖಾನನಾದ. ಗುಯುಕನ ವಿಧವೆ, ಮೂರು ವರ್ಷ ರಾಜ್ಯವಾಳಿದ್ದ ಒಗುಲ್ ಕಯಿಮಿಶಳ ವಿಚಾರಣೆ ನಡೆದದ್ದು ಈ ಸಾಧ್ವಿಯ ಬೀಡಿನಲ್ಲೇ. 1252ರಲ್ಲಿ ಆಕೆಗೆ ಮರಣದಂಡನೆಯಾಯಿತು.

ಇಬ್ಬರೂ ಮಾಡಿದ್ದು ಒಂದೇ ಕೆಲಸ. ಆದರೆ ತೊರೆಗೆನೆಯದು ಕುಟಿಲವೆಂದೂ ಸೊರ್ಗಗ್ತಾನಿಯದು ವಿವೇಕವೆಂದೂ ಪಾರಸಿ ಚರಿತ್ರಕಾರರು ಬರೆದಿಟ್ಟಿದ್ದಾರೆ. ಬರೆದವರು ಯಾರು? ಜುವೈನಿ, ಸೊರ್ಗಗ್ತಾನಿಯ ಮಗ ಹುಲಾಗುವಿನ ಅಧಿಕಾರಿ. ರಶೀದುದ್ದೀನ್, ಆ ಹುಲಾಗುವಿನ ವಂಶದವರ ಮಂತ್ರಿ. ಅನ್ನದಾತನ ತಾಯಿಯನ್ನು ಯಾವ ಆಸ್ಥಾನಿಕ ತೆಗಳಿಯಾನು? ತೊರೆಗೆನೆಯನ್ನು ಕಾಣಲು ನಾನಾದರೆ ಅವರ ಹೊತ್ತಗೆಗಳಿಗಿಂತ ಮೊದಲು ಚೀನದ ಆ ಕಲ್ಲಿನ ಬಳಿಗೆ ಹೋದೇನು.