ಮಗ್ಗದ ಮೇಲಿನ ರಟ್ಟು

ನಮ್ಮ ವೈ.ಎನ್.ಹೊಸಕೋಟೆಗೂ ಯಂತ್ರಮಾನವನಿಗೂ ಏನು ನಂಟು ಎಂದು ನೀವು ಕೇಳಬಹುದು. ಪಾವಗಡ ತಾಲ್ಲೂಕೇ ಆಂಧ್ರದೊಳಕ್ಕೆ ಕೈಚಾಚಿ ಕುಳಿತಂತಿದೆ. ಅದರಲ್ಲಿ ನಮ್ಮದು ಗಡಿಯ ಊರು. ಮಳೆ ಕಡಿಮೆ, ಮಾತಿನಲ್ಲಿ ಅರ್ಧ ತೆಲುಗು, ಹೆಸರು ಬಂದಿರುವುದು ಮಾತ್ರ ರೇಷ್ಮೆ ಸೀರೆಯಿಂದ. ಅಲ್ಲಿನ ನೇಕಾರರ ಮನೆಗೆ ಹೋದರೆ ತಲೆ ಎತ್ತಿ ನೋಡಿ. ಮಗ್ಗದ ಮೇಲೆ ಮರದ ಚೌಕಟ್ಟು, ಅದರಿಂದ ಇಳಿಬಿಟ್ಟ ರಟ್ಟಿನ ಪಟ್ಟಿಗಳ ಸರಮಾಲೆ, ಪಟ್ಟಿಯ ತುಂಬ ತೂತುಗಳು. ಅದೇ ಜಕಾರ್ಡು. ಅದರ ಟಕಟಕ ಸದ್ದಿನಲ್ಲೇ ನಾನು ಮಗ್ಗಿ ಕಲಿತವಳು. ಅದು ಇಂದಿನ ಕಂಪ್ಯೂಟರಿಗೂ ರೋಬಾಟಿಗೂ ಮುತ್ತಜ್ಜಿಯ ಸಮಾನ ಎಂದು ತಿಳಿದದ್ದು ಮಾತ್ರ ಮದುವೆಯಾಗಿ ತುಮಕೂರಿಗೆ ಬಂದು, ಮಗನ ಪುಸ್ತಕಗಳನ್ನು ತಿರುವಿಹಾಕತೊಡಗಿದ ಮೇಲೆ.

ಕತೆ ಶುರುವಾಗುವುದು ಒಂದು ಬಾತುಕೋಳಿಯಿಂದ. ಫ್ರಾನ್ಸಿನಲ್ಲಿ ವೋಕಾನ್ಸೋ ಎಂಬ ಕುಶಲಿಯಿದ್ದ. 1738ರಲ್ಲಿ ಕೊಳಲು ನುಡಿಸುವ ಬೊಂಬೆಯನ್ನು ಮಾಡಿ ಜನರನ್ನು ಬೆರಗುಗೊಳಿಸಿದ. ಮರುವರ್ಷ ಕಾಳು ತಿಂದು ಹಿಕ್ಕೆ ಹಾಕುವ ತಾಮ್ರದ ಬಾತುಕೋಳಿ. (ಹಿಕ್ಕೆಯನ್ನು ಮೊದಲೇ ಹೊಟ್ಟೆಯಲ್ಲಿ ತುಂಬಿಟ್ಟಿದ್ದರಂತೆ, ಅದು ಆಮೇಲೆ ಗೊತ್ತಾಯಿತು!) ಇಂಥ ಜಾಣನನ್ನು ಸರ್ಕಾರ 1741ರಲ್ಲಿ ರೇಷ್ಮೆ ಕೈಗಾರಿಕೆಯ ಮೇಲ್ವಿಚಾರಕನನ್ನಾಗಿ ನೇಮಿಸಿತು. ಅವನು ಲಿಯಾನ್ ಪಟ್ಟಣದ ನೇಕಾರರ ಪದ್ಧತಿಗಳಿಗೆ ಕೈಹಾಕಲು ಹೋದ. ಅವರು ಬೀದಿಯಲ್ಲಿ ಕಲ್ಲು ತೂರಿ ಓಡಿಸಿದರು. 1745ರ ಸುಮಾರಿಗೆ ಅವನು ತಾನಾಗಿ ನೇಯುವ ಮಗ್ಗವನ್ನು ಕಟ್ಟಿಯೂ ಕಟ್ಟಿದ. ಅದು ಬಳಕೆಗೆ ಬರದೆ ಮೂಲೆ ಸೇರಿತು.

ಆ ಕಾಲದಲ್ಲಿ ಹೂಬಳ್ಳಿಯ ರೇಷ್ಮೆ ನೇಯಬೇಕೆಂದರೆ ನೇಕಾರನ ಜೊತೆಗೆ ಒಬ್ಬ ಹುಡುಗನೂ ಬೇಕಿತ್ತು. ಒಂದೊಂದು ಹೊಕ್ಕಿಗೂ ಯಾವ ಎಳೆಗಳು ಮೇಲೇಳಬೇಕೋ ಆ ದಾರಗಳನ್ನು ಅವನು ದಿನವಿಡೀ ಜಗ್ಗುತ್ತಿರಬೇಕು. ನಮ್ಮ ದಕ್ಷಿಣದ ಕಂಚಿಯಲ್ಲೂ ಮಕ್ಕಳು ಹಾಗೆ ಜಗ್ಗಿದವರೇ. 1804ರಲ್ಲಿ ಲಿಯಾನಿನ ಜೋಸೆಫ್ ಮರಿ ಜಕಾರ್ಡ್ ಆ ಹುಡುಗನ ಜಾಗದಲ್ಲಿ ರಟ್ಟನ್ನು ಕೂರಿಸಿದ. ಲೆಕ್ಕ ಸರಳ: ತೂತಿದ್ದರೆ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆಯ ಎಳೆ ಮೇಲೇಳುತ್ತದೆ, ತೂತಿಲ್ಲದಿದ್ದರೆ ಎಳೆ ಕೆಳಗೇ ಉಳಿಯುತ್ತದೆ. ಇಷ್ಟರಲ್ಲೇ ನವಿಲು, ಮಾವಿನಕಾಯಿ, ಹಂಸ ಎಲ್ಲ ಮೂಡುತ್ತವೆ. 1839ರಲ್ಲಿ ಜಕಾರ್ಡನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ರಟ್ಟುಗಳು 24,000. ಅಂಥದೊಂದು ಚಿತ್ರವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದನಂತೆ. ತಾನು ಯೋಚಿಸಿದ್ದ ಲೆಕ್ಕದ ಯಂತ್ರಕ್ಕೂ ಅದೇ ತೂತಿನ ರಟ್ಟೇ ಆದೀತು ಎಂದುಕೊಂಡ. ಆ ಯಂತ್ರ ಏನೇನು ಮಾಡಬಲ್ಲದು ಎಂದು 1843ರಲ್ಲಿ ಬಿಡಿಸಿ ಬರೆದವಳು ಏಡಾ ಲವ್‌ಲೇಸ್ ಎಂಬ 27ರ ಹೆಣ್ಣುಮಗಳು; ಅದನ್ನು ಅವಳು ಹೋಲಿಸಿದ್ದೂ ಮಗ್ಗಕ್ಕೇ.

ರೋಬಾಟ್ ಎಂಬ ಮಾತು ಹುಟ್ಟಿದ್ದು ಮಾತ್ರ ತೀರ ತಡವಾಗಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ಮನುಷ್ಯರಂತೆ ಕಾಣುವ ಕೃತಕ ಆಳುಗಳಿದ್ದಾರೆ. ಅವರಿಗೆ ಆ ಹೆಸರನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ಚೆಕ್ ಭಾಷೆಯಲ್ಲಿ 'ರೋಬೋಟ' ಎಂದರೆ ಒಡೆಯನ ಹೊಲದಲ್ಲಿ ರೈತ ಮಾಡಲೇಬೇಕಾದ ಬಿಟ್ಟಿ ದುಡಿಮೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮಡಿಚಿಟ್ಟೆ. ಜೀತಪದ್ಧತಿ ರದ್ದತಿಯ ಕಾನೂನು ನಮ್ಮಲ್ಲಿ ಬಂದದ್ದು 1976ರಲ್ಲಿ. ಹೀಗಿರುವಾಗ ನಮ್ಮ ಸೀಮೆಯವರಿಗೆ ಬಿಟ್ಟಿ ಎಂಬುದನ್ನು ನಿಘಂಟು ನೋಡಿ ತಿಳಿಯಬೇಕೆ?

ಸಿನಿಮಾಗಳದು ಬೇರೆ ದಾರಿ. 2002ರಲ್ಲಿ ಉಪೇಂದ್ರ 'ಹಾಲಿವುಡ್' ಚಿತ್ರದಲ್ಲಿ ರೋಬಾಟ್ ಆಗಿ ಬಂದರು. 2010ರಲ್ಲಿ ರಜನೀಕಾಂತರ ಚಿತ್ರ ತೆಲುಗಿನಲ್ಲಿ 'ರೋಬೋ' ಎಂದು ಬಂದಾಗ ನಮ್ಮ ಕಡೆಯ ಹುಡುಗರ ಬಾಯಲ್ಲೆಲ್ಲ ಅದೇ. ಪರದೆಯ ಯಂತ್ರಮಾನವ ಪ್ರೀತಿಸುತ್ತಾನೆ, ಹೊಡೆದಾಡುತ್ತಾನೆ. ಪಾತ್ರೆ ತೊಳೆಯುವುದು ಅಪರೂಪ. ನಿಜದಲ್ಲಿ 1961ರಲ್ಲಿ ಅಮೆರಿಕದ ಕಾರು ಕಾರ್ಖಾನೆಗೆ ಬಂದ ಮೊದಲ ರೋಬಾಟಿಗೆ ಮುಖವೂ ಇರಲಿಲ್ಲ, ಬರೀ ಒಂದು ತೋಳು. ಮುಖ ಕೊಡುವಾಗ ಹೆಣ್ಣಿನದನ್ನೇ ಹುಡುಕುವುದೂ ಉಂಟು. ಇಸ್ರೋ 2020ರಲ್ಲಿ ಬೆಂಗಳೂರಿನಲ್ಲಿ ತೋರಿಸಿದ 'ವ್ಯೋಮಮಿತ್ರ' ಹೆಣ್ಣು. ಗಗನಯಾತ್ರಿಗಳಿಗಿಂತ ಮೊದಲು ಹೋಗಿ ಅಪಾಯ ನೋಡಿ ಬರುವ ಕೆಲಸ ಅವಳದು. ಮನೆಯಲ್ಲಿ ಬಿಸಿ ಹಾಲಿನ ಪಾತ್ರೆ ಮುಟ್ಟಿನೋಡುವವರು ಯಾರು ಎಂದು ನೆನೆದು ನನಗೆ ನಗು ಬಂತು.

ಯಂತ್ರದ ತೋಳು ನಮ್ಮ ಮನೆಯೊಳಗೇ ಬಂದದ್ದು ಅಕ್ಕನ ಕಾಯಿಲೆಯಿಂದ. ಅವಳು ಹೊಸಕೋಟೆಯಲ್ಲೇ ಕೊಟ್ಟವಳು, ಮೂವತ್ತು ವರ್ಷ ಮಗ್ಗದಲ್ಲಿ ಕುಳಿತವಳು. ಗರ್ಭಕೋಶ ತೆಗೆಯಬೇಕು, ರೋಬಾಟಿನಿಂದ ಮಾಡಬಹುದು ಎಂದರು ಬೆಂಗಳೂರಿನ ಆಸ್ಪತ್ರೆಯೊಂದರ ವೈದ್ಯೆ. ಭಾವನಿಗೆ ಖರ್ಚಿನ ಚಿಂತೆ, ನನಗೆ ಭಯ. ಅಕ್ಕ ಮಾತ್ರ, "ಡಾಕ್ಟರಮ್ಮ, ಅದನ್ನ ನಡೆಸೋರು ಯಾರು?" ಎಂದು ಕೇಳಿದಳು. ಆಕೆ ತಾಳ್ಮೆಯಿಂದ ವಿವರಿಸಿದರು. ತಾವು ಪಕ್ಕದಲ್ಲೊಂದು ಪೀಠದಲ್ಲಿ ಕುಳಿತು ಒಳಗಿನ ಚಿತ್ರವನ್ನು ದೊಡ್ಡದಾಗಿ ನೋಡುತ್ತೇವೆ; ಕೈಯಲ್ಲಿ ಹಿಡಿಕೆ, ಕಾಲಡಿಯಲ್ಲಿ ತುಳಿಯುವ ಪೆಡಲು; ನಾವು ಆಡಿಸಿದಂತೆ ಅದರ ಸಣ್ಣ ಬೆರಳುಗಳು ಆಡುತ್ತವೆ, ನಮ್ಮ ಕೈ ನಡುಗಿದರೂ ಅದು ನಡುಗುವುದಿಲ್ಲ. ಅಕ್ಕ ನನ್ನ ಕಡೆ ತಿರುಗಿ, "ಅಂದ್ರೆ ಮಗ್ಗಾನೇ ಕಣೇ. ಕೂತು ತುಳಿಯೋರು ಬೇಕೇ ಬೇಕು" ಎಂದಳು.

ಅಕ್ಕ ಹೇಳಿದ್ದು ಸರಿ. 1985ರಲ್ಲಿ ಅಮೆರಿಕದಲ್ಲಿ ಮಿದುಳಿನೊಳಕ್ಕೆ ಸೂಜಿಯ ದಾರಿ ತೋರಿಸಲು ಕಾರ್ಖಾನೆಯ ತೋಳೊಂದನ್ನು ಮೊದಲು ಬಳಸಿದಾಗಲೂ ಪಕ್ಕದಲ್ಲಿ ವೈದ್ಯರಿದ್ದರು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕುಳಿತ ವೈದ್ಯರು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಹೆಂಗಸಿನ ಪಿತ್ತಕೋಶವನ್ನು ತೆಗೆದರು. ನಡುವೆ ಸಮುದ್ರವಿದ್ದರೂ ಕೈ ಮನುಷ್ಯನದೇ. ಅಕ್ಕ ಮೂರನೆಯ ದಿನಕ್ಕೆ ಮನೆಗೆ ಬಂದಳು.

ನನ್ನನ್ನು ಕಾಡುವುದು ಬೇರೆ. ಜಕಾರ್ಡು ದಾರ ಜಗ್ಗುವ ಹುಡುಗನನ್ನು ಬಿಡಿಸಿತು. ಪವರ್‌ಲೂಮು ತುಳಿಯುವ ಕಾಲನ್ನೂ ಬಿಡಿಸಿತು. ಅದರ ಏಟಿಗೆ ಹೆದರಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನನ್ನು 1985ರಲ್ಲಿ ತರಬೇಕಾಯಿತು. ಈಗ ರಟ್ಟಿನ ಬದಲು ಕಂಪ್ಯೂಟರಿನಿಂದಲೇ ನಕ್ಷೆ ಹೋಗುವ ಎಲೆಕ್ಟ್ರಾನಿಕ್ ಜಕಾರ್ಡು ಬಂದಿದೆ. ಇಷ್ಟೆಲ್ಲ ಬದಲಾದರೂ ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತ ಹೆಂಗಸಿನ ಹೆಸರು ಯಾವ ಇತಿಹಾಸದಲ್ಲೂ ನನಗೆ ಸಿಗಲಿಲ್ಲ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕವರು 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ನಮ್ಮಮ್ಮ ಒಲೆಯ ಮೇಲೆ ಬೇಳೆ ಇಟ್ಟು, ಅದು ಬೇಯುವಷ್ಟರಲ್ಲಿ ಹತ್ತು ಕಂಡಿಕೆ ಸುತ್ತುತ್ತಿದ್ದಳು. ಕೂಲಿ ಬರುತ್ತಿದ್ದುದು ಸೀರೆಯ ಲೆಕ್ಕದಲ್ಲಿ, ಅಪ್ಪನ ಕೈಗೆ. ಅವಳದ್ದು ಮನೆಕೆಲಸದ ಬಾಬತ್ತು. ಚಾಪೆಕನ ಅಣ್ಣ ನಮ್ಮ ಊರಿಗೆ ಬಂದಿದ್ದರೆ ಹೆಸರು ಹುಡುಕಲು ಅಷ್ಟು ಕಷ್ಟಪಡಬೇಕಿರಲಿಲ್ಲ.

ಈಗ ಅಕ್ಕನ ಮನೆಯಲ್ಲಿ ರಾಟೆಗೆ ಒಂದು ಪುಟ್ಟ ಮೋಟರು ಕಟ್ಟಿದ್ದಾರೆ. ಸ್ವಿಚ್ಚು ಹಾಕಿದರೆ ಸಾಕು, ಭುಜದ ನೋವಿಲ್ಲ. ಮೊದಲು ಎರಡು ಗಂಟೆ ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಏನು ಮಾಡುತ್ತೀಯೆ ಎಂದು ಕೇಳಿದೆ. ಪಕ್ಕದ ಮನೆಯವರ ಕಂಡಿಕೆಯನ್ನೂ ಸುತ್ತಿಕೊಡುತ್ತಾಳಂತೆ. ಆ ದುಡ್ಡನ್ನು ಮಾತ್ರ ತನ್ನ ಡಬ್ಬಿಯಲ್ಲೇ ಇಟ್ಟುಕೊಳ್ಳುತ್ತಾಳಂತೆ.