ಹಾಡಿನ ಗುಂಡಿ ಯಾರ ಕೈಯಲ್ಲಿ?

1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ದನಿ ಕೇಳಿ ಮರುಳಾದದ್ದು ಅಂಗಡಿಯ ಗ್ರಾಮೊಫೋನಿನಿಂದ. ಅಂಗಡಿಯವರು ಪ್ಲೇಟ್ ಹಾಕಿದರೆ ಹಾಡು, ಇಲ್ಲದಿದ್ದರೆ ಇಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ರೇಡಿಯೊದ ಕಿವಿ ಹಿಂಡುವುದು ನಮ್ಮ ಕೈಯಲ್ಲಿತ್ತು, ಹಾಡು ಆರಿಸುವುದು ನಿಲಯದವರ ಕೈಯಲ್ಲಿ. ಕ್ಯಾಸೆಟ್ ಬಂದಮೇಲೆ ಹಾಡು, ಗುಂಡಿ ಎರಡೂ ನಮ್ಮವೇ ಆದವು.

ವೈಫೈ ಸ್ಪೀಕರ್ ಬಂದು ಗುಂಡಿ ಫೋನಿನೊಳಗೆ ಹೋಯಿತು. ಫೋನಿನ ಆ್ಯಪ್ ಅಪ್ಪಣೆ ಕೊಡುತ್ತದೆ, ಸ್ಪೀಕರ್ ತಾನೇ ಇಂಟರ್ನೆಟ್ಟಿನಿಂದ ಹಾಡು ಎಳೆದುಕೊಳ್ಳುತ್ತದೆ. ಸ್ಪೀಕರ್ ನಮ್ಮದು, ಆ್ಯಪ್ ಮಾತ್ರ ಕಂಪನಿಯದು.

ಅದರಿಂದ ಏನಾಗುತ್ತದೆ? ಅಮೆರಿಕದ ಸೋನೋಸ್ ಕಂಪನಿ 2024ರ ಮೇ ತಿಂಗಳಲ್ಲಿ ತನ್ನ ಆ್ಯಪ್ ಬದಲಿಸಿತು. ಅಲಾರಂ ಇಡುವಂಥ ಸೌಲಭ್ಯಗಳು ಒಮ್ಮೆಲೇ ಮಾಯವಾದವು. ಸ್ಪೀಕರ್ ಕೆಟ್ಟಿರಲಿಲ್ಲ! ಗ್ರಾಹಕರು ಸಿಡಿದೆದ್ದರು. 2025ರ ಜನವರಿಯಲ್ಲಿ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು.

ಇನ್ನೊಂದು, ಸ್ಕ್ವೀಜ್‌ಬಾಕ್ಸ್ ಎಂಬ ಹಾಡಿನ ಪೆಟ್ಟಿಗೆಯ ಕತೆ. ಲಾಜಿಟೆಕ್ ಕಂಪನಿ 2012ರಲ್ಲಿ ಅದರ ತಯಾರಿಕೆ ಕೈಬಿಟ್ಟಿತು, 2024ರಲ್ಲಿ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೆ ಪೆಟ್ಟಿಗೆ ನಡೆಸುವ ಸಾಫ್ಟ್‌ವೇರ್ ಯಾರು ಬೇಕಾದರೂ ತೆರೆದು ತಿದ್ದುವಂಥದ್ದು. ಬಳಸುವವರೇ ಅದನ್ನು 'ಲಿರಿಯನ್' ಹೆಸರಿನಲ್ಲಿ ಉಳಿಸಿಕೊಂಡರು. ಹಳೆಯ ಪೆಟ್ಟಿಗೆಗಳು ಇನ್ನೂ ಹಾಡುತ್ತಿವೆ.

ರೋಣ, ನರಗುಂದ, ಗಜೇಂದ್ರಗಡದ ಅಂಗಡಿಗಳಲ್ಲಿ ಸ್ಪೀಕರ್ ಕೊಳ್ಳುವಾಗ ಸದ್ದು ಎಷ್ಟು ಜೋರು ಎಂದಷ್ಟೇ ನೋಡಬೇಡಿ. ಆ್ಯಪ್ ಇಲ್ಲದೆ ನಡೆಯುತ್ತದೆಯೇ? ಬ್ಲೂಟೂತ್, ಪೆನ್‌ಡ್ರೈವ್, ವೈರು ಹಾಕಲು ಜಾಗ ಇದೆಯೇ? ಕೇಳಿಯೇ ಕೊಳ್ಳಿ. ದುಡ್ಡು ನಮ್ಮದಾದಮೇಲೆ ಗುಂಡಿಯೂ ನಮ್ಮ ಕೈಯಲ್ಲೇ ಇರಲಿ.