ಕೈ ಹಗುರವಾದಷ್ಟೂ ಉದ್ದವಾದ ಡಿಎನ್‌ಎ

1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಕ್ ಮೀಶರ್ ಆಸ್ಪತ್ರೆಯ ಬ್ಯಾಂಡೇಜುಗಳ ಕೀವನ್ನು ತೊಳೆದು, ಜೀವಕೋಶಗಳ ಕೇಂದ್ರದಿಂದ ರಂಜಕವಿರುವ ಹೊಸ ವಸ್ತುವೊಂದನ್ನು, ಅಂದರೆ ಇಂದು ನಾವು ಡಿಎನ್‌ಎ ಎನ್ನುವುದನ್ನು, ಬೇರ್ಪಡಿಸಿದ. ಮುಂದೆ ಬಾಸೆಲ್‌ನಲ್ಲಿ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯವನ್ನು ಹಿಡಿದು ಕೂತಾಗ, ವಸ್ತು ಕೆಡಬಾರದೆಂದು ಕೊರೆಯುವ ಚಳಿಯಲ್ಲೇ ಕೆಲಸ ಮಾಡಿದ.

ಈ ಎಚ್ಚರ ಮುಂದೆ ಉಳಿಯಲಿಲ್ಲ. ಕರುವಿನ ಥೈಮಸ್ ಗ್ರಂಥಿಯನ್ನು ಕ್ಷಾರದಲ್ಲಿ ಕಾಯಿಸಿ ಡಿಎನ್‌ಎ ತೆಗೆಯುವುದು 20ನೇ ಶತಮಾನದ ಆರಂಭದಲ್ಲಿ ವಾಡಿಕೆಯಾಯಿತು. ಪುಡಿ ಶುದ್ಧವಾಗಿರುತ್ತಿತ್ತು, ಅಣು ಚೂರಾಗಿರುತ್ತಿತ್ತು. ಅದರ ಅಣುತೂಕ 1,500ರ ಆಸುಪಾಸು ಎಂದು ಬಹಳ ಜನ ನಂಬಿದ್ದರು. ನಾಲ್ಕೇ ಘಟಕಗಳ ಅಷ್ಟು ಪುಟ್ಟ ಅಣು ವಂಶದ ಗುಣಗಳನ್ನು ಹೊತ್ತೀತೇ? ಜೀನ್ ಎಂದರೆ ಪ್ರೋಟೀನೇ ಎಂಬ ಎಣಿಕೆ ದಶಕಗಳ ಕಾಲ ಉಳಿಯಲು ಇದೂ ಒಂದು ಕಾರಣ.

ಸ್ವೀಡನ್ನಿನ ಐನಾರ್ ಹಾಮರ್‌ಸ್ಟೆನ್ ಮೆದುವಾದ ದಾರಿ ಹಿಡಿದ. ಅವನು ತಯಾರಿಸಿದ ಥೈಮಸ್ ಡಿಎನ್‌ಎಯನ್ನು 1938ರಲ್ಲಿ ರುಡಾಲ್ಫ್ ಸಿಗ್ನರ್ ಜೊತೆಗೂಡಿ ಅಳೆದಾಗ ಬಂದ ಅಣುತೂಕ 5 ಲಕ್ಷದಿಂದ 10 ಲಕ್ಷ! ಬರ್ನ್‌ನಲ್ಲಿದ್ದ ಸಿಗ್ನರ್ ಮುಂದೆ ತಾನೇ ಇನ್ನೂ ಉದ್ದನೆಯ ಎಳೆಗಳನ್ನು ತಯಾರಿಸಿ, 1950ರಲ್ಲಿ ಲಂಡನ್ನಿನ ಸಭೆಯೊಂದಕ್ಕೆ ತಂದು ಧಾರಾಳವಾಗಿ ಹಂಚಿದ. ರೊಸಾಲಿಂಡ್ ಫ್ರಾಂಕ್ಲಿನ್ ತಂಡ ತೆಗೆದ ಡಿಎನ್‌ಎಯ ಪ್ರಸಿದ್ಧ ಎಕ್ಸ್‌-ರೇ ಚಿತ್ರ ಮೂಡಿದ್ದು ಆ ಎಳೆಗಳಿಂದಲೇ. ಸಿಗ್ನರ್‌ನ ಹೆಸರನ್ನು ಇಂದು ನೆನೆಯುವವರು ತೀರ ಕಡಿಮೆ, ಇದು ಅನ್ಯಾಯ.

ಡಿಟರ್ಜೆಂಟು, ಫೀನಾಲ್‌ಗಳು ಬಂದ ಮೇಲೆ ಪ್ರೋಟೀನನ್ನೂ ಡಿಎನ್‌ಎ ಕತ್ತರಿಸುವ ಕಿಣ್ವಗಳನ್ನೂ ತೆಗೆಯುವುದು ಸುಲಭವಾಯಿತು. ಆದರೂ ಅಣು ತುಂಡಾಗುತ್ತಲೇ ಇತ್ತು. ಕಾರಣ ರಾಸಾಯನಿಕವಲ್ಲ, ಪಿಪೆಟ್! ಕಿರಿದಾದ ತುದಿಯಲ್ಲಿ ದ್ರವ ರಭಸದಿಂದ ಹರಿದಾಗ ಉದ್ದನೆಯ ಎಳೆ ಸೆಳೆತಕ್ಕೆ ಸಿಕ್ಕಿ, ಬಹುತೇಕ ನಡುವಿನಲ್ಲೇ ಕಡಿಯುತ್ತದೆ. 1959ರಲ್ಲಿ ಪೀಟರ್ ಡೇವಿಸನ್ ವೈರಸ್ಸಿನ ಡಿಎನ್‌ಎಯಲ್ಲಿ ಇದನ್ನು ತೋರಿಸಿದ. ಅದಕ್ಕಿಂತ ಎಷ್ಟೋ ಉದ್ದದ ಪ್ರಾಣಿ ಡಿಎನ್‌ಎಯ ಪಾಡು ಇನ್ನೂ ಕಷ್ಟ.

ಇದಕ್ಕೆ ಸಿಕ್ಕ ಅತ್ಯಂತ ಸೊಗಸಾದ ಉತ್ತರ 1973ರದ್ದು. ಕ್ಯಾಲಿಫೋರ್ನಿಯಾದ ರುತ್ ಕವೆನಾಫ್ ಮತ್ತು ಬ್ರೂನೋ ಜಿಮ್ ಹಣ್ಣಿನ ನೊಣದ ಕೋಶಗಳನ್ನು ಅಳೆಯುವ ಪಾತ್ರೆಯೊಳಗೇ ಒಡೆದರು, ಡಿಎನ್‌ಎಯನ್ನು ಹೊರತೆಗೆಯಲೇ ಇಲ್ಲ. ಬಂದ ಅಣುತೂಕ ಸುಮಾರು 4,100 ಕೋಟಿ. ಎಳೆದು ಚಾಚಿದರೆ ಎರಡು ಸೆಂಟಿಮೀಟರ್ ಉದ್ದ. ಒಂದು ಕ್ರೋಮೋಸೋಮಿನಲ್ಲಿರುವುದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಣು ಎಂಬುದಕ್ಕೆ ಬಲವಾದ ಸಾಕ್ಷ್ಯ ಹೀಗೆ ಸಿಕ್ಕಿತು.

ಹಳೆಯ ಫೀನಾಲ್ ವಿಧಾನವೂ ಕೈಯ ನಾಜೂಕಿದ್ದರೆ ಸೋಲುವುದಿಲ್ಲ. 2018ರಲ್ಲಿ ಮಾನವ ಜೀನೋಮ್ ಓದಿದ ತಂಡವೊಂದು ಅದೇ ದಾರಿಯಲ್ಲಿ ಡಿಎನ್‌ಎ ತೆಗೆದು, ಎಳೆಯನ್ನು ಸೂಕ್ಷ್ಮ ರಂಧ್ರದಲ್ಲಿ ಹಾಯಿಸಿ ಓದುವ ನ್ಯಾನೋಪೋರ್ ಯಂತ್ರದಲ್ಲಿ 8.82 ಲಕ್ಷ ಬೇಸ್‌ಗಳಷ್ಟು ಉದ್ದದ ಎಳೆಯನ್ನು ಒಂದೇ ಓಟದಲ್ಲಿ ಓದಿಸಿತು.